ಮಸಿ ಹೂಗಳ ಬೆನ್ನು ಹತ್ತಿ: ಹಾಂಗ್‌ಝೌನಿಂದ ಯಾಂಗ್‌ಝೌವರೆಗೆ

ಚೀನಾಕ್ಕೆ ಹೋದವರು ಸಾಮಾನ್ಯವಾಗಿ ಬೀಜಿಂಗ್ ನೋಡಿ, ಮಹಾಗೋಡೆ ಹತ್ತಿ ಬರುತ್ತಾರೆ. ನಾನು ಹೋಗಿದ್ದು ಹೂ ನೋಡೋಕೆ. ಅದೂ ಬರೀ ಕಪ್ಪು ಮಸಿಯಲ್ಲಿ ಬರೆದ ಹೂ. ಅಲ್ಲಿನ ಹಳೆಯ ಮಸಿ ಚಿತ್ರಗಳ ಬಗ್ಗೆ ಯಾವ ಪುಸ್ತಕ ತೆಗೆದರೂ ಒಂದು ಪಟ್ಟಿ ಸಿಗುತ್ತೆ. ಚಳಿಗಾಲದ ಕೊನೆಗೆ ಬೋಳು ಕೊಂಬೆಯಲ್ಲಿ ಅರಳೋ ಮೇಯ್ ಹೂವು ಅಂದ್ರೆ ಚಳಿಗೆ ಜಗ್ಗದ ಗಟ್ಟಿತನ. ಆರ್ಕಿಡ್ ಅಂದ್ರೆ ತೋರಿಕೆಯಿಲ್ಲದ ಸಜ್ಜನಿಕೆ. ಬಿದಿರು ಅಂದ್ರೆ ಬಾಗಿದರೂ ಮುರಿಯದ ಗುಣ. ಸೇವಂತಿಗೆ ಅಂದ್ರೆ ಗದ್ದಲದಿಂದ ದೂರ ಉಳಿದವನು. ಈ ನಾಲ್ಕನ್ನೂ ಸೇರಿಸಿ ‘ನಾಲ್ವರು ಸಜ್ಜನರು’ ಅಂತ ಕರೆಯುತ್ತಾರೆ. ಪಟ್ಟಿ ಸರಿಯಾಗೇ ಇದೆ, ಆದರೆ ಸಪ್ಪೆ. ಯಾರು, ಎಂಥ ಕಷ್ಟದಲ್ಲಿ, ಯಾರ ಮೇಲಿನ ಸಿಟ್ಟಿಗೆ ಆ ಹೂ ಬರೆದರು ಅನ್ನೋದು ಗೊತ್ತಿಲ್ಲದೆ ಅರ್ಥ ಬಾಯಿಪಾಠ ಮಾಡಿ ಏನು ಪ್ರಯೋಜನ? ಅವರಿದ್ದ ಊರು, ಮನೆ, ಸಿಕ್ಕರೆ ಸಮಾಧಿ ನೋಡಿ ಬರೋಣ ಅಂತ ಹೊರಟೆ.

ಅಕ್ಕನ ಮಗಳು ಪುಟ್ಟಿ ಸುಝೌನಲ್ಲಿ ಕೆಲಸದಲ್ಲಿದ್ದಾಳೆ. ಚೀನೀ ಭಾಷೆ ನೀರು ಕುಡಿದ ಹಾಗೆ ಮಾತಾಡುತ್ತಾಳೆ. ರಜೆ ಹಾಕಿ ಜೊತೆಗೆ ಬಂದಳು. ಫೆಬ್ರವರಿ ಕೊನೆಯ ವಾರ ಆರಿಸಿದ್ದು ಬೇಕಂತಲೇ. ಆ ಕಡೆ ಮೇಯ್ ಹೂ ಅರಳೋದು ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ತಡ ಮಾಡಿದರೆ ಬರೀ ಎಲೆ.

ಸೋಮವಾರ, ಹಾಂಗ್‌ಝೌ

ರೈಲಿಂದ ಇಳಿದಾಗ ಜಿಟಿಜಿಟಿ ಮಳೆ. ಆರೇಳು ಡಿಗ್ರಿ ಅಂತ ಫೋನ್ ತೋರಿಸುತ್ತಿತ್ತು. ಕೇಳೋಕೆ ಅಂಥ ಚಳಿಯಲ್ಲ. ಆದರೆ ಗಾಳಿಯಲ್ಲಿ ತೇವ ಜಾಸ್ತಿ, ಮೂಳೆಯೊಳಗೇ ಇಳಿಯುತ್ತೆ. ಬೀಜಿಂಗಿನ ಕಡೆ ಇರುವಂತೆ ಊರಿಗೆಲ್ಲ ಬಿಸಿ ನೀರಿನ ಕೊಳವೆ ಹಾಕಿ ಮನೆ ಬೆಚ್ಚಗಿಡೋ ಪದ್ಧತಿ ದಕ್ಷಿಣದ ಈ ಊರುಗಳಲ್ಲಿ ಇಲ್ಲ. ಹೋಟೆಲಿನೊಳಗೂ ಜನ ದಪ್ಪ ಕೋಟು ಹಾಕಿಕೊಂಡೇ ಕೂತಿರುತ್ತಾರೆ. ಬೆಚ್ಚನೆಯ ಒಳಬಟ್ಟೆ ಇಲ್ಲದೆ ಹೋಗಬೇಡಿ.

ಸಾಮಾನು ಇಟ್ಟು ನೇರ ಪಶ್ಚಿಮ ಸರೋವರಕ್ಕೆ ನಡೆದೆವು. ಮುರುಕು ಸೇತುವೆ ಅನ್ನೋ ಹೆಸರಿನ ಸೇತುವೆ ದಾಟಿ, ಬಾಯ್ ಏರಿಯ ಮೇಲೆ ನಡೆದರೆ ಗುಶಾನ್ ಸಿಗುತ್ತೆ. ಸರೋವರದೊಳಗಿನ ಒಂಟಿ ಗುಡ್ಡ. ಏರಿಯ ಬಲಗಡೆಯ ನೀರಿನಲ್ಲಿ ತಾವರೆ ದಂಟುಗಳು ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಅಡ್ಡಾದಿಡ್ಡಿ ಮುರಿದು ಬಿದ್ದಿದ್ದವು. ಜೂನ್, ಜುಲೈಯಲ್ಲಿ ಇದೇ ಜಾಗದಲ್ಲಿ ಕಾಲಿಡೋಕೆ ಆಗದಷ್ಟು ಜನ ಇರುತ್ತಾರಂತೆ. ಈಗ ಯಾರೂ ಇಲ್ಲ. ಒಬ್ಬ ಮುದುಕ ಮಾತ್ರ ಕೊಡೆ ಹಿಡಿದು ಆ ದಂಟುಗಳನ್ನೇ ಫೋಟೋ ತೆಗೆಯುತ್ತಿದ್ದ.

ಕೆಸರಲ್ಲಿ ಹುಟ್ಟಿಯೂ ಕೆಸರು ಅಂಟಿಸಿಕೊಳ್ಳದ ತಾವರೆ ನಮಗೆ ಹೊಸದಲ್ಲ. ಚೀನಾದಲ್ಲಿ ಈ ಮಾತನ್ನು ಮನೆಮಾತು ಮಾಡಿದವನು 11ನೇ ಶತಮಾನದ ಚಿಂತಕ ಝೌ ದುನ್‌ಯಿ. ಅವನ ಒಂದು ಪುಟ್ಟ ಬರಹದಲ್ಲಿ ಸೇವಂತಿಗೆ ಹೂಗಳ ನಡುವಿನ ಸನ್ಯಾಸಿ, ಪಿಯೊನಿ ಅನ್ನೋ ದೊಡ್ಡ ತುಂಬು ಎಸಳಿನ ಹೂ ಸಾಹುಕಾರ, ತಾವರೆ ಸಜ್ಜನ. ಅಷ್ಟಕ್ಕೇ ಬಿಡಲ್ಲ. ಸೇವಂತಿಗೆ ಮೆಚ್ಚೋರು ಈಗ ಅಪರೂಪ, ತಾವರೆ ಮೆಚ್ಚೋಕೆ ನನ್ನ ಥರದವರು ಇನ್ಯಾರಿದ್ದಾರೋ, ಪಿಯೊನಿ ಮೆಚ್ಚೋರು ಮಾತ್ರ ಬೇಕಾದಷ್ಟು ಅಂತ ಕುಟುಕುತ್ತಾನೆ. ಹೂವಿನ ನೆಪದಲ್ಲಿ ಜನರನ್ನು ಬೈಯೋದು ಅಲ್ಲಿನ ಹಳೇ ವಿದ್ಯೆ. ಆದರೆ ಈ ಮುರಿದ ದಂಟುಗಳನ್ನು ನೋಡಿದಾಗ ನನಗೆ ನೆನಪಾಗಿದ್ದು ಬಾದಾ ಶಾನ್‌ರೆನ್ ಅನ್ನೋ ಚಿತ್ರಕಾರ. ಮಿಂಗ್ ರಾಜವಂಶದಲ್ಲಿ ಹುಟ್ಟಿದವನು. 1644ರಲ್ಲಿ ಬೀಜಿಂಗ್ ಬಿದ್ದು ಆ ವಂಶದ ಆಳ್ವಿಕೆ ಮುಗಿದಾಗ ಇನ್ನೂ ಹುಡುಗ. ತಲೆ ಬೋಳಿಸಿಕೊಂಡು ಬೌದ್ಧ ಮಠ ಸೇರಿ ಜೀವ ಉಳಿಸಿಕೊಂಡ. ಅವನ ತಾವರೆಗಳಿಗೆ ಉದ್ದುದ್ದ ದಂಟು, ಮೇಲೆ ಮಸಿ ಚೆಲ್ಲಿದಂಥ ಎಲೆ, ಕೆಳಗೆ ಕಣ್ಣು ಬಿರಿದು ದಿಟ್ಟಿಸೋ ಒಂದು ಹಕ್ಕಿ. ಪೂಜೆಗೆ ಇಡುವ ತಾವರೆ ಅಲ್ಲ ಅದು.

ಗುಶಾನ್‌ನ ಉತ್ತರದ ಇಳಿಜಾರಿನಲ್ಲಿ ಲಿನ್ ಬು ಸಮಾಧಿ ಇದೆ. 967ರಿಂದ 1028ರವರೆಗೆ ಬದುಕಿದ್ದ ಕವಿ. ಈ ಗುಡ್ಡದಲ್ಲಿ ಗುಡಿಸಲು ಹಾಕಿಕೊಂಡು ಇಪ್ಪತ್ತು ವರ್ಷ ಎದುರಿಗೇ ಕಾಣೋ ಪೇಟೆಗೆ ಕಾಲಿಡಲಿಲ್ಲವಂತೆ. ಮದುವೆ ಆಗಲಿಲ್ಲ, ಸರ್ಕಾರಿ ಕೆಲಸಕ್ಕೂ ಸೇರಲಿಲ್ಲ. ಮೇಯ್ ಮರವೇ ಹೆಂಡತಿ, ಕೊಕ್ಕರೆಗಳೇ ಮಕ್ಕಳು ಅಂತ ಅವನ ಬಗ್ಗೆ ಇವತ್ತಿಗೂ ಹೇಳುತ್ತಾರೆ. ಪಕ್ಕದಲ್ಲೇ ಕೊಕ್ಕರೆ ಹಾರಿಬಿಟ್ಟ ಮಂಟಪ, ಸುತ್ತ ಮೇಯ್ ಗಿಡಗಳು. ತಿಳಿಯಾದ ತೆಳು ನೀರಿನ ಮೇಲೆ ವಿರಳ ನೆರಳು ಓರೆಯಾಗಿ ಬಿದ್ದಿದೆ, ಸಂಜೆಯ ಚಂದ್ರನಲ್ಲಿ ಕಾಣದ ಕಂಪು ತೇಲುತ್ತಿದೆ ಅಂತ ಅವನು ಎರಡು ಸಾಲು ಬರೆದ. ಅಲ್ಲಿಂದ ಮುಂದೆ ಸಾವಿರ ವರ್ಷ ಮೇಯ್ ಬರೆದವರೆಲ್ಲ ಆ ಎರಡು ಸಾಲನ್ನೇ ಬರೆದರು ಅಂದರೂ ನಡೆಯುತ್ತೆ. ಬಣ್ಣದ ಹೂವನ್ನು ಕಪ್ಪು ಮಸಿಯಲ್ಲಿ ಬರೆಯೋದು ಶುರುವಾಗಿದ್ದೂ ನೆರಳಿನಿಂದಲೇ ಅಂತ ಒಂದು ಐತಿಹ್ಯ ಇದೆ. ಝೋಂಗ್‌ರೆನ್ ಅನ್ನೋ ಬೌದ್ಧ ಸನ್ಯಾಸಿ ಬೆಳದಿಂಗಳಲ್ಲಿ ಕಿಟಕಿಯ ಕಾಗದದ ಮೇಲೆ ಮೇಯ್ ಕೊಂಬೆಯ ನೆರಳು ಬಿದ್ದಿದ್ದು ನೋಡಿ ಕುಂಚ ತೆಗೆದುಕೊಂಡನಂತೆ.

ಒಂದು ಮಾತು. ಇಂಗ್ಲಿಷ್ ಪುಸ್ತಕಗಳು ಇದನ್ನು ಪ್ಲಮ್ ಅಂತ ಕರೆಯುತ್ತವೆ. ನಮ್ಮ ಹಣ್ಣಿನಂಗಡಿಯ ಪ್ಲಮ್ ಅಲ್ಲ ಇದು, ಏಪ್ರಿಕಾಟ್‌ಗೆ ಹತ್ತಿರದ ಸಂಬಂಧಿ. ಎಲೆ ಬರೋ ಮುಂಚೆಯೇ ಬೋಳು ಕೊಂಬೆಗೆ ಅಂಟಿಕೊಂಡು ಹೂ ಬರುತ್ತೆ. ಐದು ಎಸಳು, ಬೆರಳುಗುರಿನಷ್ಟು ಅಗಲ. ಹತ್ತಿರ ಮೂಗು ಒಡ್ಡಿದರೆ ಏನೂ ಇಲ್ಲ. ನಾಲ್ಕು ಹೆಜ್ಜೆ ದಾಟಿದ ಮೇಲೆ ಎಲ್ಲಿಂದಲೋ ವಾಸನೆ ಬರುತ್ತೆ.

ಆಗಲೇ ಹೇಳಿದ ಕೊಡೆ ಮುದುಕ ಅಲ್ಲಿಗೂ ಬಂದ. ಒಂದೇ ಕೊಂಬೆಯ ಮುಂದೆ ಬಹಳ ಹೊತ್ತು ನಿಂತ. ಹೂ ಇನ್ನೂ ಪೂರ್ತಿ ಅರಳಿಲ್ಲ ಅಲ್ವಾ, ಮುಂದಿನ ವಾರ ಬರಬೇಕಿತ್ತೇನೋ ಅಂತ ಪುಟ್ಟಿ ಕೈಲಿ ಕೇಳಿಸಿದೆ. ಅವನು ಬೆರಳು ಮಡಚಿ ಎಣಿಸಿದ: “ವಿರಳ ಇದ್ದರೆ ಚೆಂದ, ಒತ್ತಾಗಿದ್ದರೆ ಅಲ್ಲ. ಮರ ಹಳೇದಾದರೆ ಚೆಂದ, ಎಳೇದಾದರೆ ಅಲ್ಲ. ಬಡಕಲಾದರೆ ಚೆಂದ, ದಪ್ಪ ಅಲ್ಲ. ಮೊಗ್ಗು ಚೆಂದ, ಬಿರಿದದ್ದು ಅಲ್ಲ.” ಅವನ ಸ್ವಂತ ಮಾತಲ್ಲ, ಮೇಯ್ ನೋಡೋರ ಹಳೇ ನಿಯಮ. ಮಾರು ಮಾರು ಮಲ್ಲಿಗೆಯನ್ನು ಒತ್ತಾಗಿ ಕಟ್ಟಿ ಮುಡಿಯೋ ನಮಗೆ ಇದು ಸ್ವಲ್ಪ ಕಷ್ಟವೇ.

ರಾತ್ರಿ ಊಟದ ಫಜೀತಿ. ತರಕಾರಿ ನೂಡಲ್ಸ್ ಅಂತ ಕೊಟ್ಟ ಬಟ್ಟಲಲ್ಲಿ ಹಂದಿ ಮಾಂಸದ ಎಳೆ ತೇಲುತ್ತಿತ್ತು. ಮಾಂಸ ಸ್ವಲ್ಪವೇ ಇದೆಯಲ್ಲ ಅಂತ ಅಂಗಡಿಯಾಕೆಗೆ ನಿಜವಾಗಿಯೂ ಆಶ್ಚರ್ಯ. ಸಸ್ಯಾಹಾರಿಗಳು ಚೀನೀ ಲಿಪಿಯಲ್ಲಿ ಚೀಟಿ ಬರೆಸಿ ಇಟ್ಟುಕೊಳ್ಳಿ, ಅದರಲ್ಲಿ ‘ಸಾರಿಗೂ ಮಾಂಸ ಬೇಡ, ಹಂದಿ ಕೊಬ್ಬೂ ಬೇಡ’ ಅಂತ ಸೇರಿಸಿ. ಕೊನೆಗೆ ಹೊಟ್ಟೆ ತುಂಬಿಸಿದ್ದು ಬೀದಿಯಲ್ಲಿ ಬಿಸಿಬಿಸಿ ಸಿಕ್ಕ ಹಸಿರು ಅಕ್ಕಿ ಉಂಡೆ. ಸೊಪ್ಪಿನ ರಸ ಹಾಕಿ ಕಲಸಿದ ಹಿಟ್ಟು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ನಮ್ಮ ಹಬೆ ಮೋದಕದ ದೂರದ ನೆಂಟ ಅನ್ನಬಹುದು.

ಮಂಗಳವಾರ, ಚಾವ್‌ಶಾನ್

ಹಾಂಗ್‌ಝೌ ಊರಾಚೆಯ ಗುಡ್ಡ ಇದು. ಮೆಟ್ರೊ ಇಳಿದು ಟ್ಯಾಕ್ಸಿ ಹಿಡಿದೆವು. ಶನಿವಾರ, ಭಾನುವಾರ ಈ ಕಡೆ ತಲೆ ಹಾಕಬೇಡಿ ಅಂತ ಚಾಲಕನೇ ಹೇಳಿದ. ವಾರದ ನಡುವೆಯೂ ನಿವೃತ್ತರ ಗುಂಪುಗಳು ಬಣ್ಣಬಣ್ಣದ ಶಾಲು ಬೀಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಮಳೆ ನಿಂತು ಗಾಳಿ ಎದ್ದಿತ್ತು. ನನ್ನ ಕೊಡೆ ಒಂದೇ ಬೀಸಿಗೆ ತಿರುಗಿ, ಎರಡು ಕಡ್ಡಿ ಮುರಿದು, ಅಲ್ಲೇ ಕಸದ ಬುಟ್ಟಿ ಸೇರಿತು.

ಇಲ್ಲಿ ತಾಂಗ್ ಕಾಲದ್ದು (7ರಿಂದ 10ನೇ ಶತಮಾನ) ಅಂತ ಹೇಳುವ ಒಂದು ಮೇಯ್ ಮರ ಇದೆ, ಅದರ ನಂತರದ ಸೋಂಗ್ ಕಾಲದ (10ರಿಂದ 13ನೇ ಶತಮಾನ) ಹೆಸರು ಹೊತ್ತ ಇನ್ನೊಂದಿದೆ. ತಾಂಗ್ ಮರದ ಕಾಂಡ ಪೂರ್ತಿ ಸೀಳಿ, ತಿರುಚಿಕೊಂಡು, ಬರೀ ತೊಗಟೆಯ ಮೇಲೆ ನಿಂತ ಹಾಗಿದೆ. ಅದರ ತುದಿಯಲ್ಲಿ ಹೂ. ಐದರ ಬದಲು ಆರು ಎಸಳಿನ ಹೂ ಬಿಡೋದು ಚಾವ್‌ಶಾನ್‌ನ ಹೆಗ್ಗಳಿಕೆ. ಬೇಲಿಯಾಚೆಯಿಂದ ಎಣಿಸೋಕೆ ಹೋಗಿ ಕತ್ತು ನೋವು ಬಂತು.

ವು ಚಾಂಗ್‌ಶುವೊ ಇರೋದು ಇಲ್ಲೇ. 1927ರಲ್ಲಿ ಶಾಂಘೈಯಲ್ಲಿ ತೀರಿಕೊಂಡ ಈ ಚಿತ್ರಕಾರ ಮೇಯ್ ಹೂವಿನ ನಡುವೆಯೇ ಮಣ್ಣಾಗಬೇಕು ಅಂತ ಆಸೆಪಟ್ಟಿದ್ದ. ಸಮಾಧಿಯ ಹತ್ತಿರ ಅವನ ವಿಗ್ರಹ ಇದೆ. ಅವನದ್ದು ಮಜವಾದ ಬದುಕು. ಹುಡುಗನಾಗಿದ್ದಾಗ 19ನೇ ಶತಮಾನದ ತೈಪಿಂಗ್ ದಂಗೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡು, ಬೇರು, ಸೊಪ್ಪು ತಿಂದು ಅಲೆದವನು. ಮೊಹರು ಕೆತ್ತೋದರಲ್ಲಿ ಹೆಸರು ಮಾಡಿದ್ದು ಮೊದಲು, ಚಿತ್ರ ಬಂದಿದ್ದು ಆಮೇಲೆ. 1899ರಲ್ಲಿ ಆನ್‌ದೋಂಗ್ ಅನ್ನೋ ಕಡೆ ಅಧಿಕಾರಿ ಕೆಲಸ ಸಿಕ್ಕಿತು. ಒಂದೇ ತಿಂಗಳಿಗೆ ಬಿಟ್ಟ. ಬಿಟ್ಟಿದ್ದಷ್ಟೇ ಅಲ್ಲ, ‘ಒಂದು ತಿಂಗಳ ಆನ್‌ದೋಂಗ್ ಅಧಿಕಾರಿ’ ಅಂತ ಮೊಹರು ಕೆತ್ತಿಸಿಕೊಂಡು ಚಿತ್ರಗಳ ಮೇಲೆ ಒತ್ತುತ್ತಿದ್ದ. ಸೋಮವಾರ ಗುಶಾನ್ ಇಳಿಯುವಾಗ ಹಾದುಹೋದ ಶಿಲಿಂಗ್ ಮೊಹರು ಸಂಘ, 1904ರಲ್ಲಿ ಶುರುವಾಗಿದ್ದು, ಅದರ ಮೊದಲ ಅಧ್ಯಕ್ಷ ಇವನೇ. ಇವನ ಮೇಯ್ ಕೊಂಬೆಗಳನ್ನು ನೋಡಿದರೆ ಕಲ್ಲಿನ ಮೇಲೆ ಉಳಿ ಓಡಿಸಿದ ಕೈ ಅನ್ನೋದು ಗೊತ್ತಾಗುತ್ತೆ. ಹೂವಿಗೆ ಮಾತ್ರ ವಿದೇಶದಿಂದ ಬಂದ ಕಡುಗೆಂಪು ಬಣ್ಣ ಧಾರಾಳವಾಗಿ ಬಳಿಯುತ್ತಿದ್ದ. ಮೇಯ್ ಅಂದ್ರೆ ಬಣ್ಣವಿಲ್ಲದ ವೈರಾಗ್ಯ ಅಂದುಕೊಂಡವರಿಗೆ ಅವನ ಉತ್ತರ ಅದು.

ಅದೇ ವೈರಾಗ್ಯದ ದೊಡ್ಡ ಹೆಸರು ವಾಂಗ್ ಮಿಯೆನ್, ಇದೇ ಪ್ರಾಂತ್ಯದ ಝೂಜಿಯವನು, 1359ರಲ್ಲಿ ಸತ್ತವನು. ದನ ಕಾಯೋ ಬಡ ಹುಡುಗ ಚಿತ್ರಕಾರನಾದ. ಮಂಗೋಲರ ಆಳ್ವಿಕೆಯಲ್ಲಿ ಕೆಲಸಕ್ಕೆ ಸೇರಲಿಲ್ಲ. ಬೂದು ಮಸಿಯ ಒಂದು ಮೇಯ್ ಕೊಂಬೆ ಬರೆದು, ಬಣ್ಣ ಚೆನ್ನಾಗಿದೆ ಅಂತ ಯಾರೂ ಹೊಗಳೋದು ಬೇಡ, ಶುದ್ಧವಾದ ಉಸಿರು ಲೋಕದಲ್ಲಿ ಉಳಿದರೆ ಸಾಕು ಅಂತ ಪಕ್ಕದಲ್ಲಿ ಬರೆದಿಟ್ಟ. ಚೀನಾದ ಶಾಲೆ ಮಕ್ಕಳು ಆ ಪದ್ಯವನ್ನು ಬಾಯಿಪಾಠ ಮಾಡುತ್ತಾರೆ.

ಗುಡ್ಡದ ಕೆಳಗೆ ಉಪ್ಪು, ಸಕ್ಕರೆ ಹಾಕಿದ ಮೇಯ್ ಕಾಯಿ ಮಾರುವ ಹೆಂಗಸೊಬ್ಬಳು ಚಹಾ ಕೊಟ್ಟಳು. ಹೂವಿನ ಬಗ್ಗೆ ನಾವು ಏನೇನೋ ಕೇಳಿದೆವು. ಅವಳಿಗೆ ಅದರಲ್ಲಿ ಆಸಕ್ತಿಯೇ ಇಲ್ಲ. “ಹೂ ಬಿಟ್ಟಾಗ ಮಳೆ ಜಾಸ್ತಿಯಾದರೆ ಕಾಯಿ ಕಚ್ಚಲ್ಲ. ಈ ವರ್ಷ ಮಳೆ ಜಾಸ್ತಿ” ಅಂದಳು. ಒಂದು ಪೊಟ್ಟಣ ಕೊಂಡೆವು. ಹುಳಿ ಎಂದರೆ ಹುಳಿ, ಕಣ್ಣು ಮುಚ್ಚಿಹೋಗುವಂಥದ್ದು.

ಬುಧವಾರ, ಶಾವ್‌ಶಿಂಗ್

ಹಾಂಗ್‌ಝೌನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಪಾಸ್‌ಪೋರ್ಟೇ ಟಿಕೆಟ್, ಆದರೆ ವಿದೇಶಿಯರದ್ದು ಕೆಲವು ಗೇಟುಗಳಲ್ಲಿ ಓದಲ್ಲ. ಸಿಬ್ಬಂದಿ ಇರೋ ಗೇಟಿನ ಸಾಲಿಗೇ ನಿಲ್ಲಿ.

ನಾವು ಉಳಿದ ಹೋಟೆಲಿನ ಮುಂಭಾಗದಲ್ಲಿ ಗೋಡೆ ತುಂಬ ಕೆಂಪು, ಗುಲಾಬಿ ಪಿಯೊನಿಗಳ ಚಿತ್ರ. ಅದಕ್ಕೆ ಚಿನ್ನದ ಬಣ್ಣದ ಚೌಕಟ್ಟು ಬೇರೆ. ಸಿರಿವಂತಿಕೆಯ ಹೂ ಅದು. ಬ್ಯಾಂಕು, ಹೋಟೆಲು, ಮದುವೆ ಮನೆ, ಎಲ್ಲಿ ದುಡ್ಡು ಬರಲಿ ಅಂತ ಬಯಸುತ್ತಾರೋ ಅಲ್ಲೆಲ್ಲ ಇರುತ್ತೆ. ಇದನ್ನು ನೋಡಿಕೊಂಡೇ ಚಿತ್ರಕಾರ ಶು ವೇಯ್ ಮನೆಗೆ ಹೋಗಿದ್ದು ಒಳ್ಳೇದಾಯ್ತು.

ದೊಡ್ಡ ರಸ್ತೆ ಬಿಟ್ಟು ಗಲ್ಲಿಯೊಳಗೆ ತಿರುಗಿ, ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ ಹೋದರೆ ‘ಹಸಿರು ಬಳ್ಳಿಯ ಓದುಮನೆ’. ಇಷ್ಟು ಸಣ್ಣದಿರುತ್ತೆ ಅಂದುಕೊಂಡಿರಲಿಲ್ಲ. ಒಂದು ಪುಟ್ಟ ಅಂಗಳ, ಬಿದಿರು, ಎರಡು ಕೋಣೆ. ಕಿಟಕಿಗೆ ಒತ್ತಿಕೊಂಡೇ ಚೌಕಾಕಾರದ ಒಂದು ಕೊಳ, ಹತ್ತು ಅಡಿ ಇದ್ದೀತು. ಗೋಡೆ ಹತ್ತಿದ ಬಳ್ಳಿ ಆಗ ಬೋಳಾಗಿತ್ತು. ಬಾಗಿಲ ಮೇಲಿನ ಹೆಸರು ಬರೆದವನು ಮುಂದೆ ಇದೇ ಮನೆಯಲ್ಲಿದ್ದ ಚೆನ್ ಹೋಂಗ್‌ಶೌ, ಅವನೂ ದೊಡ್ಡ ಚಿತ್ರಕಾರನೇ.

ಶು ವೇಯ್ (1521-1593) ಈ ಮನೆಯಲ್ಲಿ ಹುಟ್ಟಿದ. ಬುದ್ಧಿವಂತ. ಆದರೂ ಪ್ರಾಂತ್ಯದ ಪರೀಕ್ಷೆಯಲ್ಲಿ ಎಂಟು ಸಲ ಫೇಲಾದ. ಕಡಲ್ಗಳ್ಳರ ಮೇಲೆ ಯುದ್ಧ ಮಾಡುತ್ತಿದ್ದ ಸೇನಾಧಿಕಾರಿಯೊಬ್ಬನ ಹತ್ತಿರ ಪತ್ರ ಬರೆಯೋ ಕೆಲಸಕ್ಕೆ ಸೇರಿದ. ಆ ಅಧಿಕಾರಿ ಜೈಲಿಗೆ ಬಿದ್ದಾಗ ತನಗೂ ಅದೇ ಗತಿ ಅಂತ ಹೆದರಿ ಹುಚ್ಚು ಹಿಡಿಯಿತು. ಮತ್ತೆ ಮತ್ತೆ ಆತ್ಮಹತ್ಯೆಗೆ ಹೊರಟ. 1566ರಲ್ಲಿ ಹೆಂಡತಿಯನ್ನೇ ಕೊಂದ. ಏಳು ವರ್ಷ ಸೆರೆಮನೆ. ಹೊರಬಂದ ಮೇಲೆ ಚಿತ್ರ ಮಾರಿ, ಪುಸ್ತಕ ಮಾರಿ, ಹರಕು ಚಾಪೆಯ ಮೇಲೆ ಸತ್ತ. ಅವನನ್ನು ಸುಮ್ನೆ ‘ಹುಚ್ಚು ಕಲಾವಿದ’ ಅಂತ ಮೆರೆಸೋದು ನನಗೆ ಇಷ್ಟವಿಲ್ಲ. ಕೊಲೆಯಾದ ಹೆಂಡತಿಯ ಬಗ್ಗೆ ಆ ಮನೆಯ ಫಲಕಗಳಲ್ಲಿ ನಮಗೆ ಹೆಚ್ಚೇನೂ ಕಾಣಲಿಲ್ಲ.

ಆದರೆ ಅವನ ಪಿಯೊನಿ. ಗೋಡೆಗೆ ಹಾಕಿದ್ದ ಪ್ರತಿಯಲ್ಲಿ ಅದು ಕಪ್ಪು. ಮಸಿಗೆ ನೀರು ಬೆರೆಸಿ ಚೆಲ್ಲಿದಂತಿದೆ, ಅಂಚುಗಳು ಕಾಗದದೊಳಗೆ ಹರಡಿಹೋಗಿವೆ. ಒಂದು ಎಸಳು ತಿಳಿ ಬೂದು, ಅದರ ಪಕ್ಕದ್ದು ಕಗ್ಗತ್ತಲು. ಗೆರೆ ಎಳೆದು ಒಳಗೆ ಬಣ್ಣ ತುಂಬೋ ಹಂಗೇ ಇಲ್ಲ. ಒಂದು ಚಿತ್ರದ ಮೇಲೆ ಅವನು ಕೊಟ್ಟ ವಿವರಣೆಯ ಸಾರ ಇಷ್ಟು: ಪಿಯೊನಿ ಸಾಹುಕಾರರ ಹೂ, ಕಣ್ಣು ಕುಕ್ಕೋ ಬಣ್ಣ ಬೇಕು ಅದಕ್ಕೆ. ಮಸಿ ಎರಚಿದರೆ ಜೀವ ಬಂದೀತು, ನಿಜವಾದ ಮುಖ ಬರಲ್ಲ. ಏನು ಮಾಡಲಿ, ನಾನು ಹುಟ್ಟು ಬಡವ. ಮೇಯ್, ಬಿದಿರು ನನಗೆ ಹೊಂದುತ್ತವೆ. ಸಿರಿಗೂ ನನಗೂ ಸಂಬಂಧವೇ ಇಲ್ಲ. ಹೋಟೆಲಿನ ಗೋಡೆಯ ಹೂವೂ ಇದೇ, ಇಲ್ಲಿನದ್ದೂ ಇದೇ. ಪಟ್ಟಿ ನೋಡಿದರೆ ಎರಡಕ್ಕೂ ಅರ್ಥ ‘ಸಿರಿ’.

“ಚಿಕ್ಕಮ್ಮ, ಚಿ ಬೈಶಿ ಇವನ ಮನೆ ನಾಯಿ ಆಗ್ತೀನಿ ಅಂದಿದ್ದನಂತೆ” ಅಂದಳು ಪುಟ್ಟಿ ಫಲಕ ಓದಿ. ನಿಜ. 20ನೇ ಶತಮಾನದ ಆ ದೊಡ್ಡ ಚಿತ್ರಕಾರ ಒಂದು ಪದ್ಯದಲ್ಲಿ ಸತ್ತ ಮೇಲೆ ನಾಯಿಯಾಗಿ ಮೂರು ಮನೆಗಳ ಬಾಗಿಲಲ್ಲಿ ಸರದಿಯಂತೆ ಬಿದ್ದಿರಬೇಕು ಅಂತ ಬರೆದಿದ್ದಾನೆ. ಆ ಮೂವರು ಶು ವೇಯ್, ಬಾದಾ ಶಾನ್‌ರೆನ್, ವು ಚಾಂಗ್‌ಶುವೊ. “ಹಂಗಾದ್ರೆ ಅವನ ಮೂರು ಮನೇಲಿ ಎರಡಕ್ಕೆ ನಾವು ಹೋಗಿ ಬಂದ ಹಾಗಾಯ್ತಲ್ಲ ಕಣೇ” ಅಂದೆ.

ಸಂಜೆ ಕಾಲುವೆ ಪಕ್ಕ ಸೋಂಪು ಹಾಕಿ ಬೇಯಿಸಿದ ಕಾಳು, ಜೊತೆಗೆ ಬೆಚ್ಚಗೆ ಮಾಡಿದ ಶಾವ್‌ಶಿಂಗ್ ಅಕ್ಕಿ ಮದ್ಯ. ಒಂದು ಸಣ್ಣ ಬಟ್ಟಲು, ಅಷ್ಟೇ. ನಾತದ ತೋಫು ಮಾತ್ರ ರಸ್ತೆಯ ಈ ಬದಿಯಿಂದಲೇ ಸಾಕೆನಿಸಿತು. ಪುಟ್ಟಿ ಎರಡು ತಟ್ಟೆ ತಿಂದಳು.

ಹೋಟೆಲಿಗೆ ವಾಪಸಾಗುವಾಗ ಹೂವಿನಂಗಡಿಯಲ್ಲಿ ಹಳದಿ ಸೇವಂತಿಗೆ ಕಂಡು ಬೆಲೆ ಕೇಳಿದೆ. “ಸಮಾಧಿಗಾ?” ಅಂದಳು ಅಂಗಡಿಯಾಕೆ. ಈಗ ಅಲ್ಲಿ ಹಳದಿ, ಬಿಳಿ ಸೇವಂತಿಗೆ ಸಾವಿಗೆ ಕೊಡೋ ಹೂವು. ಯಾರ ಮನೆಗಾದರೂ ಹೋಗುವಾಗ ಒಯ್ಯಬೇಡಿ. ಪೂರ್ವದ ಬೇಲಿಯ ಬುಡದಲ್ಲಿ ಸೇವಂತಿಗೆ ಕೀಳುತ್ತ, ನೌಕರಿ ಬಿಟ್ಟು ಹಾಯಾಗಿದ್ದ ತಾವೋ ಯುವಾನ್‌ಮಿಂಗ್ ಕವಿಯ ಹೂವು ಇದೇನಾ ಅನಿಸಿತು. ಚಿತ್ರದೊಳಗಿನ ಸೇವಂತಿಗೆಗೆ ಮಾತ್ರ ಈ ಸೂತಕ ಅಂಟಿಲ್ಲ. ಮನೆಯ ಗೋಡೆಗೆ ಧಾರಾಳವಾಗಿ ತೂಗುಹಾಕುತ್ತಾರೆ.

ಗುರುವಾರ, ಲಾನ್‌ತಿಂಗ್

ಶಾವ್‌ಶಿಂಗ್‌ನಿಂದ ಬಸ್ಸಿನಲ್ಲಿ ಹೋಗಬಹುದು. ಆರ್ಕಿಡ್ ಮಂಟಪ ಅಂತಲೇ ಅದರ ಹೆಸರು. 353ರಲ್ಲಿ ಕೈಬರಹಕ್ಕೆ ಹೆಸರಾದ ವಾಂಗ್ ಶಿಝಿ ಗೆಳೆಯರನ್ನು ಕರೆದು, ತೊರೆಯಲ್ಲಿ ಮದ್ಯದ ಬಟ್ಟಲು ತೇಲಿಬಿಟ್ಟು, ತಮ್ಮ ಮುಂದೆ ಬಂದು ನಿಂತಾಗ ಪದ್ಯ ಹೇಳಿಸಿದ ಜಾಗ. ಕೈಬರಹದ ಅಭಿಮಾನಿಗಳಿಗೆ ಇದು ಕಾಶಿ. ಅದಕ್ಕೂ ಬಹಳ ಹಿಂದೆ ಯುಯೆ ರಾಜ ಗೌಜಿಯೆನ್ ಇಲ್ಲಿ ಆರ್ಕಿಡ್ ನೆಡಿಸಿದ್ದ ಅನ್ನೋ ಪ್ರತೀತಿಯಿಂದ ಹೆಸರು ಬಂತು.

ಆರ್ಕಿಡ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಮದುವೆ ಮಂಟಪದ ನೇರಳೆ ಹೂವು. ಇದು ಬೇರೆ. ಕುಂಡದಲ್ಲಿ ನೋಡಿದರೆ ಹುಲ್ಲು ಅಂತಲೇ ದಾಟಿ ಹೋಗುತ್ತೀರಿ. ತೆಳ್ಳನೆಯ ಎಲೆ, ಬುಡದಲ್ಲಿ ಬಗ್ಗಿ ನೋಡಿದರೆ ತಿಳಿ ಹಸಿರು ಬಣ್ಣದ ಒಂದೋ ಎರಡೋ ಹೂ. ಆದರೆ ಕೋಣೆಯಲ್ಲಿ ಒಂದು ಕುಂಡ ಇದ್ದರೆ ಸಾಕು, ಬಾಗಿಲಲ್ಲೇ ಗೊತ್ತಾಗುತ್ತೆ. ಕಾಡಿನೊಳಗೆ ಯಾರೂ ಇಲ್ಲ ಅಂತ ಆರ್ಕಿಡ್ ಪರಿಮಳ ಬೀರೋದನ್ನು ನಿಲ್ಲಿಸಲ್ಲ ಅಂತ ಕನ್‌ಫ್ಯೂಷಿಯಸ್ ಹೆಸರಿನಲ್ಲಿ ಒಂದು ಮಾತಿದೆ. ಗುರುತಿಸೋರಿಲ್ಲದ ಪಂಡಿತರೆಲ್ಲ ಈ ಹೂವನ್ನು ಅಪ್ಪಿಕೊಂಡಿದ್ದಕ್ಕೆ ಅದೇ ಕಾರಣ.

ಅದನ್ನು ಅತ್ಯಂತ ಕಟುವಾಗಿ ಬಳಸಿದವನು ಚಿತ್ರಕಾರ ಝೆಂಗ್ ಸಿಶಾವ್. 1279ರಲ್ಲಿ ಮಂಗೋಲರಿಗೆ ಸೋಂಗ್ ರಾಜ್ಯ ಪೂರ್ತಿ ಸೋತಿತು. ಅವನು ಆಮೇಲೆ ಬರೆದ ಆರ್ಕಿಡ್‌ಗಳಿಗೆ ಮಣ್ಣೇ ಇಲ್ಲ. ಯಾಕೆ ಅಂದರೆ, ಮಣ್ಣನ್ನು ಪರದೇಶದವರು ಕದ್ದರಲ್ಲ, ಗೊತ್ತಿಲ್ವಾ ಅಂದನಂತೆ. 1306ರಲ್ಲಿ ಬರೆದ ಒಂದು ಸಣ್ಣ ಸುರುಳಿ 700 ವರ್ಷ ದಾಟಿ ಉಳಿದಿದೆ, ಈಗ ಜಪಾನಿನ ಒಸಾಕಾ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಹೂ, ನಾಲ್ಕಾರು ಎಲೆ, ಸುತ್ತ ಖಾಲಿ ಕಾಗದ. ಘೋಷಣೆ ಕೂಗಿದ್ದರೆ ತಲೆ ಹೋಗುತ್ತಿತ್ತು. ಗಿಡ ಬರೆದು ಮಣ್ಣು ಬಿಟ್ಟರೆ ಯಾರು ಏನು ಮಾಡೋಕಾಗುತ್ತೆ?

ಕೊಳದಲ್ಲಿದ್ದ ಹೆಬ್ಬಾತುಗಳು ಪುಟ್ಟಿಯ ಬಿಸ್ಕತ್ತಿಗೆ ಅಟ್ಟಿಸಿಕೊಂಡು ಬಂದವು. ಅಲ್ಲಿಗೆ ಲಾನ್‌ತಿಂಗ್ ದರ್ಶನ ಮುಗಿಯಿತು.

ಶುಕ್ರವಾರ ಮತ್ತು ಶನಿವಾರ, ಯಾಂಗ್‌ಝೌ

ರೈಲು ಬದಲಿಸಿ, ಯಾಂಗ್ಟ್ಸಿ ದಾಟಿ ಯಾಂಗ್‌ಝೌಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಬಿಸಿಲು ಬಂದಿತ್ತು! ಜನ ಹಾಸಿಗೆ, ಹೊದಿಕೆಗಳನ್ನು ರಸ್ತೆ ಬದಿಯ ಮರಗಳ ನಡುವೆ ಹಗ್ಗ ಕಟ್ಟಿ ಒಣಗಿಸಿದ್ದರು.

18ನೇ ಶತಮಾನದಲ್ಲಿ ಈ ಊರು ಉಪ್ಪಿನ ವ್ಯಾಪಾರಿಗಳ ದುಡ್ಡಿನಲ್ಲಿ ತೇಲುತ್ತಿತ್ತು. ದುಡ್ಡಿದ್ದ ಕಡೆ ಚಿತ್ರಕಾರರೂ ಬಂದರು. ಅವರಲ್ಲಿ ‘ಎಂಟು ವಿಲಕ್ಷಣರು’ ಅಂತ ಹೆಸರಾದವರ ಸ್ಮಾರಕ ಹಳೇ ಬೌದ್ಧ ದೇವಾಲಯವೊಂದರಲ್ಲಿದೆ. ಅವರಲ್ಲೊಬ್ಬನಾದ ಜಿನ್ ನೋಂಗ್ ಕೊನೆಗಾಲದಲ್ಲಿ ಉಳಿದಿದ್ದು ಅಲ್ಲಿಯೇ. 1763ರಲ್ಲಿ ಸತ್ತ. ದುಡ್ಡಿಲ್ಲದೆ ಕಾಗದದ ಲಾಂದ್ರಗಳ ಮೇಲೆ ಚಿತ್ರ ಬರೆದು, ಮಾರಿಸಿಕೊಡು ಅಂತ ನಾಂಜಿಂಗ್‌ನಲ್ಲಿದ್ದ ಕವಿ ಯುವಾನ್ ಮೇಯ್‌ಗೆ ಕಳಿಸಿದ್ದ. ಅವನು ವಾಪಸ್ ಕಳಿಸಿದ. ಇಲ್ಲಿನವರಿಗೆ ಬಾತುಕೋಳಿ ತಿನ್ನೋದು ಬಿಟ್ಟು ಬೇರೇನೂ ತಿಳಿಯಲ್ಲ ಮಾರಾಯ ಅನ್ನೋ ಧಾಟಿಯ ಉತ್ತರ.

ಗುಶಾನ್ ಮುದುಕ ಹೇಳಿದ ‘ವಿರಳ ಇದ್ದರೆ ಚೆಂದ’ ನಿಯಮ ಇಲ್ಲಿ ಬಂದು ಅಲ್ಲಾಡಿತು. ಗೆಳೆಯ ವಾಂಗ್ ಶಿಶೆನ್ ಬರೆಯೋದು ತುಂಬಿದ ಕೊಂಬೆ, ಗಾವ್ ಶಿಯಾಂಗ್ ಬರೆಯೋದು ವಿರಳ ಕೊಂಬೆ, ನನ್ನದು ಎರಡರ ನಡುವೆ ಅಂತ ಜಿನ್ ನೋಂಗ್ ತಾನೇ ಬರೆದಿಟ್ಟಿದ್ದಾನೆ. ವಾಂಗ್ ಶಿಶೆನ್‌ಗೆ ಮೊದಲು ಒಂದು ಕಣ್ಣು ಹೋಯಿತು, ಆಮೇಲೆ ಇನ್ನೊಂದೂ. ಆಮೇಲೂ ತಡಕಾಡಿಕೊಂಡು ದೊಡ್ಡ ಅಕ್ಷರ ಬರೆಯುತ್ತಿದ್ದನಂತೆ.

ಎಂಟು ಜನರಲ್ಲಿ ನನಗೆ ಇಷ್ಟವಾದವನು ಝೆಂಗ್ ಬಾನ್‌ಚಾವ್, 1693ರಲ್ಲಿ ಹುಟ್ಟಿದವನು. ಶಾನ್‌ದೋಂಗ್ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ. ರಾತ್ರಿ ಬಿದಿರಿನ ಸದ್ದು ಕೇಳಿದರೆ ಜನರ ನರಳಾಟ ಕೇಳಿದಂತಾಗುತ್ತೆ ಅಂತ ಮೇಲಧಿಕಾರಿಗೆ ಕೊಟ್ಟ ಬಿದಿರಿನ ಚಿತ್ರದ ಮೇಲೆ ಬರೆದ. ಬರಗಾಲದಲ್ಲಿ ಸರ್ಕಾರದ ಕಣಜ ತೆರೆಸಿದ. ಕೊನೆಗೆ ಕೆಲಸ ಬಿಟ್ಟು ಯಾಂಗ್‌ಝೌಗೆ ಬಂದು ಚಿತ್ರ ಮಾರಿ ಬದುಕಿದ. ಅವನ ಆರ್ಕಿಡ್‌ಗಳ ನಡುವೆ ಮುಳ್ಳುಕಂಟಿ ಇರುತ್ತೆ. ಆರ್ಕಿಡ್ ಸಜ್ಜನ, ಮುಳ್ಳು ದುರ್ಜನ. ಆದರೆ ಅವನು ಮುಳ್ಳನ್ನು ಕೀಳಿಸಲ್ಲ. ಮುಳ್ಳನ್ನು ತಾಳಿಕೊಳ್ಳದೆ ಆರ್ಕಿಡ್ ಆಗೋದಿಲ್ಲ ಅಂತಾನೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೇ ಹೊಳೆಯೋ ಮಾತು ಇದು.

ಶನಿವಾರ ಬೆಳಗ್ಗೆ ಯಾಂಗ್‌ಝೌನ ಪ್ರಸಿದ್ಧ ಬೆಳಗಿನ ಚಹಾ. ಚಹಾ ಅನ್ನೋದು ನೆಪ, ನಿಜಕ್ಕೂ ಅದು ತಿಂಡಿಯ ಜಾತ್ರೆ. ಎಂಟು ಗಂಟೆಗೆ ಮುಂಚೆ ಹೋದರೆ ಕುರ್ಚಿ ಸಿಗುತ್ತೆ. ಗಟ್ಟಿ ತೋಫುವನ್ನು ದಾರದಷ್ಟು ತೆಳ್ಳಗೆ ಕತ್ತರಿಸಿ, ಕುದಿನೀರಿನಲ್ಲಿ ಅದ್ದಿ, ಸೋಯಾ ಸಾಸ್, ಎಳ್ಳೆಣ್ಣೆ, ಶುಂಠಿ ಎಳೆ ಹಾಕಿ ಕೊಡುತ್ತಾರೆ. ಮೇಲೆ ಉದುರಿಸೋ ಒಣ ಸೀಗಡಿ ಬೇಡ ಅಂತ ಮೊದಲೇ ಹೇಳಿಬಿಟ್ಟರೆ ನಮ್ಮಂಥವರಿಗೂ ಆಯ್ತು. ನಾನು ಎರಡನೇ ತಟ್ಟೆ ತರಿಸಿದೆ.

ಆಮೇಲೆ ಹಳೇ ಬೀದಿಯ ಒಂದು ಕಾಗದ, ಕುಂಚದ ಅಂಗಡಿ. ಮಾಲೀಕ ಎಪ್ಪತ್ತರ ಆಸುಪಾಸಿನ ನಿವೃತ್ತ ಮೇಷ್ಟ್ರು. ಆರ್ಕಿಡ್ ಎಲೆ ಬರೆಯೋದು ಹೇಳಿಕೊಡುತ್ತೀರಾ ಅಂತ ಪುಟ್ಟಿ ಕೇಳಿದಳು. ಒಂದು ಗಂಟೆಗೆ ಇಷ್ಟು ಅಂತ ಬೆಲೆ ಹೇಳಿ ಕೂರಿಸಿಕೊಂಡರು.

ಆನ್ಹುಯ್ ಪ್ರಾಂತ್ಯದ ಶುವಾನ್ ಕಾಗದ, ಮರದ ತೊಗಟೆಯ ನಾರು, ಭತ್ತದ ಹುಲ್ಲು ಸೇರಿಸಿ ಮಾಡಿದ್ದು. ಕುಂಚ ತಾಗಿದ ತಕ್ಷಣ ಮಸಿ ಹೀರುತ್ತೆ. ಅಳಿಸೋಕಿಲ್ಲ, ಎರಡನೇ ಸಲ ತೀಡೋಕಿಲ್ಲ. ಮೇಷ್ಟ್ರು ಮುಂಗೈ ಮೇಜಿಗೆ ತಾಗಿಸದೆ, ಭುಜದಿಂದಲೇ ಎಳೆದರು. ಎಲೆಯ ಬುಡ ಮೊಳೆಯ ತಲೆ. ನಡುವೆ ಒತ್ತಿದಾಗ ಉಬ್ಬಿದ್ದು ಮ್ಯಾಂಟಿಸ್ ಕೀಟದ ಹೊಟ್ಟೆ. ತುದಿ ಇಲಿಯ ಬಾಲ. ಎರಡನೇ ಎಲೆ ಮೊದಲನೆಯದನ್ನು ಬುಡದ ಹತ್ತಿರ ದಾಟಿತು, ನಡುವೆ ಕಣ್ಣಿನ ಆಕಾರದ ಖಾಲಿ ಜಾಗ ಮೂಡಿತು. ಅದು ಫೀನಿಕ್ಸ್ ಕಣ್ಣು. ಮೂರನೇ ಎಲೆ ಆ ಕಣ್ಣನ್ನು ಸೀಳಿಕೊಂಡು ಹೋಯಿತು. ಆಮೇಲೆ ತಿಳಿ ಮಸಿಯಲ್ಲಿ ಐದು ಎಸಳು, ನಡುವೆ ಕಡು ಮಸಿಯ ಮೂರು ಚುಕ್ಕೆ. ಎಲ್ಲಾ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಈ ಹೆಸರುಗಳೆಲ್ಲ ‘ಸಾಸಿವೆ ಕಾಳಿನ ತೋಟ’ ಅನ್ನೋ ಹಳೇ ಕೈಪಿಡಿಯಲ್ಲೂ ಇವೆ ಅಂದರು. ಅದರ ಹೂವಿನ ಭಾಗ ಅಚ್ಚಾಗಿದ್ದು 1701ರಲ್ಲಿ.

ನನ್ನ ಎಲೆಗಳಲ್ಲಿ ಬರೀ ಹೊಟ್ಟೆಯೇ ಇತ್ತು, ಬಾಲ ಬರಲಿಲ್ಲ. “ನಿಧಾನ ಮಾಡ್ತೀರಿ. ಯೋಚನೆ ಮಾಡಿದರೆ ಕಾಗದ ಕುಡಿಯುತ್ತೆ” ಅಂದರು ಮೇಷ್ಟ್ರು. ಪುಟ್ಟಿಯದ್ದು ಪರವಾಗಿಲ್ಲ ಅಂದರು. ಅವಳು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ.

ಗೋಡೆಯ ಮೇಲೆ ಉದ್ದನೆಯ ಒಂದು ಅಕ್ಷರದ ಹಾಳೆ. ಏನದು ಅಂದರೆ ಝೆಂಗ್ ಬಾನ್‌ಚಾವ್ 1759ರಲ್ಲಿ ಬರೆದು ಹಾಕಿದ ಬೆಲೆಪಟ್ಟಿಯ ನಕಲು. ದೊಡ್ಡ ಚಿತ್ರಕ್ಕೆ 6 ಲಿಯಾಂಗ್ ಬೆಳ್ಳಿ, ಮಧ್ಯಮದ್ದಕ್ಕೆ 4, ಸಣ್ಣದಕ್ಕೆ 2. ಒಂದು ಲಿಯಾಂಗ್ ಅಂದ್ರೆ ಸುಮಾರು 37 ಗ್ರಾಂ. ಉಡುಗೊರೆ, ತಿಂಡಿ ತರೋದಕ್ಕಿಂತ ಬೆಳ್ಳಿ ತರೋದೇ ಮೇಲು, ನೀವು ಕೊಡೋದು ನನಗೆ ಇಷ್ಟವಾಗಬೇಕಂತೇನಿಲ್ಲ. ಸಾಲ ಅಂತೂ ಕೇಳಲೇಬೇಡಿ. ಲೋಕದ ಮೇಲೆ ಆಸೆಯಿಲ್ಲದ ಹೂ ಬರೆದವನ ಅಂಗಡಿ ನಿಯಮ ಇದು. ಇದನ್ನು ಓದಿದ ಮೇಲೆ ಅವನ ಆರ್ಕಿಡ್ ನನಗೆ ಇನ್ನೂ ಹೆಚ್ಚು ಹಿಡಿಸಿತು.

ಹೊರಡುವಾಗ ಚೀಲದಲ್ಲಿ ಉಳಿದಿದ್ದ ಶೇಂಗಾ ಚಿಕ್ಕಿ ಪೊಟ್ಟಣ ಮೇಷ್ಟ್ರ ಕೈಗಿಟ್ಟೆ. ಪುಟ್ಟಿ ಮೆಲ್ಲಗೆ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಂತ ಶುರು ಮಾಡಿದಳು. ಅವರು ಮಾತಾಡಲಿಲ್ಲ. ಗೋಡೆಯ ಹಾಳೆಯಲ್ಲಿ ‘ಉಡುಗೊರೆ, ತಿಂಡಿ’ ಅನ್ನೋ ಸಾಲಿನ ಮೇಲೆ ಕುಂಚದ ಹಿಂಬದಿಯಿಂದ ಕುಟ್ಟಿದರು. ಆಮೇಲೆ ಮೇಜಿನ ಮೇಲಿದ್ದ ಕ್ಯೂಆರ್ ಕೋಡ್ ತೋರಿಸಿದರು. ಪೂರ್ತಿ ದುಡ್ಡು ಕೊಟ್ಟೆವು. ಚಿಕ್ಕಿಯನ್ನೂ ಅವರೇ ಇಟ್ಟುಕೊಂಡರು.